ಕಾಳಗದ ಮೀನಿನ ಸುಖದುಃಖ

ಮೀನು ನೀರಿನಲ್ಲಿ ಮುಳುಗಿ ಸಾಯಬಲ್ಲುದೆ? ಈ ಪ್ರಶ್ನೆಯನ್ನು ಕೇಳಿದವನ ಬುದ್ಧಿಯ ವಿಷಯದಲ್ಲಿಯೇ ನಮಗೆ ಸಂದೇಹ ಹುಟ್ಟಬಹುದು. ಆದರೆ ಪ್ರಶ್ನೆ ಅಷ್ಟು ಹಾಸ್ಯಾಸ್ಪದವಾದುದಲ್ಲ. ಅಲಂಕಾರದ ಮೀನುಗಳನ್ನು ಮಾರುವ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟ ಚಿಕ್ಕ ಚಿಕ್ಕ ಸೀಸೆಗಳಲ್ಲಿ, ಒಂದೊಂದರಲ್ಲಿ ಒಂದೊಂದರಂತೆ, ನೀಲಿಯೋ ಕೆಂಪೋ ಆದ ಉದ್ದ ಬಾಲದ ಮೀನು ಅಲುಗಾಡದೆ ನಿಂತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ನಮ್ಮ ಊರುಗಳಲ್ಲಿ ಅದಕ್ಕೆ ‘ಫೈಟರ್’ ಎಂದೇ ಹೆಸರು. ಆ ಮೀನು ನೀರಿನ ಮೇಲ್ಮೈಗೆ ಬರದಂತೆ ಬಲೆಯೊಂದನ್ನು ಅಡ್ಡಹಾಕಿ ತಡೆದುದಾದರೆ, ಸುತ್ತಲೂ ನೀರಿದ್ದರೂ ಅದು ಉಸಿರು ಕಟ್ಟಿ ಸಾಯುವ ಸಂಭವವುಂಟು. ಏಕೆಂದರೆ ಅದು ನಮ್ಮಂತೆಯೇ ಗಾಳಿಯನ್ನು ಉಸಿರಾಡುವ ಪ್ರಾಣಿ.

ಈ ಒಂದು ವೈಚಿತ್ರ್ಯವೇ ಆ ಮೀನಿಗೆ ವರವೂ ಆಗಿದೆ, ಶಾಪವೂ ಆಗಿದೆ. ಬೇರೆ ಮೀನುಗಳು ಬಹುಬೇಗ ಪ್ರಾಣ ಬಿಡುವಂತಹ ನೀರಿನಲ್ಲಿ ಅದು ದಿನಗಟ್ಟಲೆ ಜೀವ ಹಿಡಿದುಕೊಂಡಿರುವುದು. ಹಾಗೆ ಜೀವ ಹಿಡಿದುಕೊಂಡಿರುವುದನ್ನು ಕಂಡು, ಅದಕ್ಕೆ ಅಷ್ಟು ನೀರೇ ಸಾಕು, ಅಷ್ಟು ಜಾಗವೇ ಸಾಕು ಎಂದು ಮಾರುವವರೂ ಕೊಳ್ಳುವವರೂ ತೀರ್ಮಾನಿಸಿಬಿಟ್ಟಿದ್ದಾರೆ. ಬದುಕಿರುವುದು ಬೇರೆ, ಚೆನ್ನಾಗಿ ಬಾಳುವುದು ಬೇರೆ ಎಂಬುದು ಮನುಷ್ಯರ ವಿಷಯದಲ್ಲಿ ನಮಗೆಲ್ಲ ಗೊತ್ತಿರುವ ಮಾತೇ. ಮೀನಿನ ವಿಷಯದಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಹೇಗೆ? ಅದು ನರಳುವುದಿಲ್ಲ, ಕೂಗುವುದಿಲ್ಲ. ಅದರ ಮುಖದಲ್ಲಿ ಭಾವವೆಂಬುದು ಕಾಣದು. ನಮಗೆ ದೊರೆಯುವ ಸಾಕ್ಷ್ಯವೆಂದರೆ ಅದರ ಮೈಬಣ್ಣ ಮತ್ತು ನಡವಳಿಕೆ, ಇಷ್ಟೇ. ಈ ಸಾಕ್ಷ್ಯವನ್ನು ಓದುವ ಬಗೆ ಯಾವುದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಅದರ ತವರನ್ನು ನೋಡಬೇಕು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ನಾಮದ ಈ ಮೀನು, ಹಿಂದೆ ಸಯಾಮ್ ಎನಿಸಿಕೊಂಡಿದ್ದ ಥಾಯ್ಲೆಂಡ್ ದೇಶದ್ದು. ಚಾವೊ ಫ್ರಾಯ ನದಿ ಹರಿಯುವ ಮಧ್ಯದ ಬಯಲುನಾಡು ಅದರ ಮೂಲಸ್ಥಾನ. ಅಲ್ಲಿನ ಭತ್ತದ ಗದ್ದೆಗಳು, ಜವುಗು ನೆಲಗಳು, ಹುಲ್ಲು ಬೆಳೆದ ಕಾಲುವೆಗಳು ಇವೇ ಅದರ ವಾಸಸ್ಥಳಗಳು. ನೀರು ಆಳವಿಲ್ಲ, ಹರಿವಿಲ್ಲ. ಆದರೆ ಗಿಡಗಳ ದಂಟು, ಬೇರು, ಕೊಳೆಯುತ್ತಿರುವ ಎಲೆ ಇವುಗಳಿಂದ ಕಿಕ್ಕಿರಿದಿರುವುದು. ಥಾಯ್ ಜನ ಅದನ್ನು ‘ಪ್ಲಾ ಕಟ್’ ಎನ್ನುತ್ತಾರೆ. ಪ್ಲಾ ಎಂದರೆ ಮೀನು, ಕಟ್ ಎಂದರೆ ಕಚ್ಚು. ಕಚ್ಚುವ ಮೀನು ಎಂದು ಅರ್ಥ. ನಮ್ಮ ಕರಾವಳಿಯಲ್ಲಿ ಕೋಳಿ ಅಂಕ ನಡೆಸುವಂತೆ ಅವರು ಈ ಮೀನುಗಳನ್ನು ಕಾಳಗಕ್ಕೆ ಬಿಟ್ಟು ಪಣ ಕಟ್ಟುತ್ತಿದ್ದರು. ಇದು ಎಷ್ಟು ಹಳೆಯ ಚಾಳಿಯೆಂಬುದಕ್ಕೆ ಮೀನಿನ ಮೈಯೊಳಗೇ ಪುರಾವೆ ಸಿಕ್ಕಿದೆ. 2022ರಲ್ಲಿ ಪ್ರಕಟವಾದ ಜೀನುಗಳ ಅಧ್ಯಯನವೊಂದರ ಪ್ರಕಾರ, ಮನುಷ್ಯ ಈ ಮೀನನ್ನು ಸಾಕತೊಡಗಿ ಕಡಮೆಯೆಂದರೂ ಒಂದು ಸಾವಿರ ವರ್ಷಗಳಾಗಿವೆ.

ಪಾಶ್ಚಾತ್ಯ ವಿಜ್ಞಾನಿಗಳಿಗೆ ಅದರ ಪರಿಚಯವಾದುದು ತೀರ ಈಚೆಗೆ. ಡೇನಿಷ್ ವೈದ್ಯ ಥಿಯೊಡೋರ್ ಕ್ಯಾಂಟರ್ 1849ರಲ್ಲಿ ಅದನ್ನು ವರ್ಣಿಸಿ ಬೇರೊಂದು ಹೆಸರಿಟ್ಟಿದ್ದನು. ಆ ಹೆಸರು ಅದಾಗಲೇ ಇನ್ನೊಂದು ಮೀನಿಗೆ ಸಲ್ಲುತ್ತಿದ್ದುದನ್ನು ಕಂಡು, ಬ್ರಿಟಿಷ್ ಮತ್ಸ್ಯಶಾಸ್ತ್ರಜ್ಞ ಚಾರ್ಲ್ಸ್ ಟೇಟ್ ರೇಗನ್ 1910ರಲ್ಲಿ ಈಗಿನ ಹೆಸರನ್ನು ಕೊಟ್ಟನು. ಸ್ಪ್ಲೆಂಡೆನ್ಸ್ ಎಂದರೆ ಹೊಳೆಯುವುದು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಜಗತ್ತಿನ ಊರೂರುಗಳ ಅಂಗಡಿಗಳಲ್ಲಿ ಲೆಕ್ಕವಿಲ್ಲದಷ್ಟು ಸಿಕ್ಕುವ ಈ ಮೀನು ತನ್ನ ಕಾಡು ರೂಪದಲ್ಲಿ ಮಾತ್ರ ವಿರಳವಾಗುತ್ತಿದ್ದು, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಗುರಿಯಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿದೆ. ವಿನೋದವೆನ್ನಬೇಕೋ ವಿಷಾದವೆನ್ನಬೇಕೋ ತಿಳಿಯದು.

ಎರಡು ಬಗೆಯ ಉಸಿರು

ಗದ್ದೆಯ ನೀರು ಬೆಚ್ಚಗಿರುವುದಷ್ಟೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಶುದ್ಧವಾದ ನೀರು ಗಾಳಿಯಿಂದ ಹೀರಿಕೊಳ್ಳಬಲ್ಲ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ ಮಾತ್ರ. ಅದೇ ಉಷ್ಣತೆಯ ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ; ಎಂದರೆ ಮೂವತ್ತಾರು ಪಾಲು ಹೆಚ್ಚು. ಅದರ ಮೇಲೆ, ಕೊಳೆಯುವ ಎಲೆಗಳನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕದಲ್ಲಿ ಬಹುಪಾಲನ್ನು ತಾವೇ ಕಬಳಿಸಿಬಿಡುತ್ತವೆ. ಇಂತಹ ನೀರಿನಲ್ಲಿ ಬರಿಯ ಕಿವಿರುಗಳನ್ನೇ ನೆಚ್ಚಿಕೊಂಡು ಬಾಳುವುದು ಕಷ್ಟ. ನೆತ್ತಿಯ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಆಮ್ಲಜನಕದ ಕಡಲೇ ಇರುವಾಗ ಅದನ್ನು ಬಳಸಿಕೊಳ್ಳುವ ಉಪಾಯವನ್ನು ಕೆಲವು ಮೀನುಗಳು ಕಂಡುಕೊಂಡವು.

ಬೆಟ್ಟಾ ಮೀನಿನ ತಲೆಯ ಎರಡು ಪಕ್ಕಗಳಲ್ಲಿ, ಕಿವಿರುಗಳ ಮೇಲ್ಭಾಗದಲ್ಲಿ, ಒಂದೊಂದು ಕುಹರವಿದೆ. ಮೊದಲನೆಯ ಕಿವಿರು ಕಮಾನಿನ ಒಂದು ಭಾಗ ಅಲ್ಲಿ ತೆಳುವಾದ ಎಲುಬಿನ ಹಾಳೆಯಂತೆ ಹರಡಿ, ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿದೆ. ಅದರ ಮೇಲೆ ರಕ್ತನಾಳಗಳು ತುಂಬಿದ ತೆಳ್ಳನೆಯ ಪೊರೆ. ಮೀನು ಮೇಲಕ್ಕೆ ಬಂದು ಬಾಯಿಂದ ಒಂದು ಗುಟುಕು ಗಾಳಿಯನ್ನು ತೆಗೆದುಕೊಂಡು ಈ ಕುಹರಕ್ಕೆ ತುಂಬಿಕೊಂಡರೆ, ಆಮ್ಲಜನಕ ಪೊರೆಯ ಮೂಲಕ ನೇರವಾಗಿ ರಕ್ತಕ್ಕೆ ಸೇರುವುದು. ಮಡಿಕೆಗಳ ಜಟಿಲ ರಚನೆಯನ್ನು ಕಂಡವರು ಇದನ್ನು ಚಕ್ರವ್ಯೂಹಕ್ಕೆ ಹೋಲಿಸಿ ‘ಲ್ಯಾಬಿರಿಂತ್’ ಅಂಗವೆಂದು ಕರೆದರು. ನಮ್ಮ ದಕ್ಷಿಣದೇಶಕ್ಕೂ ಈ ಅಂಗ ಹೊಸದಲ್ಲ. 1791ರಲ್ಲಿ ತರಂಗಂಬಾಡಿಯಲ್ಲಿ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿ ತಾಳೆಯ ಮರವೊಂದರ ತೊಗಟೆಯ ಸಂದಿನಲ್ಲಿ ಮೀನನ್ನು ಹಿಡಿದೆನೆಂದು ವರದಿ ಮಾಡಿ ವಿದ್ವಾಂಸರನ್ನು ಬೆರಗುಗೊಳಿಸಿದನಷ್ಟೆ. ಆ ಅನಾಬಾಸ್ ಮೀನಿಗೂ ಇದೇ ತೆರನಾದ ಅಂಗವಿದ್ದು, ನೀರಿನಿಂದ ಹೊರಗೆ ಬಹಳ ಹೊತ್ತು ಬದುಕಿರಲು ನೆರವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೀಸೆಯ ಮೀನಿನ ಕಷ್ಟವೆಲ್ಲ ಅಡಗಿರುವುದು ಇದರಲ್ಲಿಯೇ. ಈ ಅಂಗ ಮೀನಿಗೆ ಆಮ್ಲಜನಕವನ್ನು ತಂದುಕೊಡುವುದೇ ಹೊರತು ದೇಹದ ಕಲ್ಮಷವನ್ನು ಹೊರಕ್ಕೆ ಒಯ್ಯುವ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. ಇಂಗಾಲದ ಡೈಆಕ್ಸೈಡಿನ ಹೆಚ್ಚಿನ ಪಾಲೂ, ಆಹಾರದ ಪ್ರೋಟೀನು ಜೀರ್ಣವಾಗಿ ಉಂಟಾಗುವ ಅಮೋನಿಯವೂ ಕಿವಿರುಗಳ ಮೂಲಕವೇ ನೀರಿಗೆ ಸೇರಬೇಕು. ಮನೆಯ ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿದೆ, ಆದರೆ ಬಚ್ಚಲಿನ ನೀರು ಹೊರಗೆ ಹೋಗುವ ದಾರಿ ಕಟ್ಟಿದೆ ಎಂದು ಊಹಿಸಿಕೊಳ್ಳಿ. ಸೀಸೆಯಲ್ಲಿರುವ ಬೆಟ್ಟಾ ಮೀನಿನ ಸ್ಥಿತಿ ಅದು. ಬೇರೆ ಜಾತಿಯ ಮೀನಾಗಿದ್ದರೆ ಆಮ್ಲಜನಕ ಸಾಲದೆ ಮೊದಲೇ ಸತ್ತು ಒಡೆಯನಿಗೆ ಎಚ್ಚರಿಕೆ ಕೊಡುತ್ತಿತ್ತು. ಇದಾದರೋ ಉಸಿರಾಡುತ್ತ, ತನ್ನ ಕಲ್ಮಷದಲ್ಲಿಯೇ ನಿಧಾನವಾಗಿ ನೆನೆಯುತ್ತ ಉಳಿಯುತ್ತದೆ.

ಲೆಕ್ಕ ಸುಲಭವಾದುದು. ಒಂದು ಮೀನು ಒಂದು ದಿನದಲ್ಲಿ ಹೊರಹಾಕುವ ಅಮೋನಿಯ ಇಷ್ಟೆಂದು ಇಟ್ಟುಕೊಳ್ಳೋಣ. ಒಂದು ಲೀಟರಿನ ಸೀಸೆಯಲ್ಲಿ ಅದರ ಸಾಂದ್ರತೆ ಎಷ್ಟಾಗುವುದೋ ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲು ಮಾತ್ರ. ದೊಡ್ಡ ತೊಟ್ಟಿಗೆ ಮತ್ತೊಂದು ಅನುಕೂಲವುಂಟು. ಅದರ ಕಲ್ಲು, ಮರಳು, ಸೋಸುವ ಹತ್ತಿ ಇವುಗಳ ಮೇಲೆ ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಗಳು ನೆಲೆಯೂರಿ ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೊಸ್ಪೈರ ಮೊದಲಾದವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅಮೋನಿಯ ಕಿವಿರುಗಳನ್ನು ಸುಡುತ್ತದೆ. ನೈಟ್ರೈಟ್ ರಕ್ತವನ್ನು ಸೇರಿ, ಹಿಮೊಗ್ಲೋಬಿನನ್ನು ಆಮ್ಲಜನಕ ಹೊರಲಾರದ ಕಂದು ಬಣ್ಣದ ವಸ್ತುವಾಗಿ ಬದಲಿಸುತ್ತದೆ. ಇವೆರಡರ ಮುಂದೆ ನೈಟ್ರೇಟ್ ಎಷ್ಟೋ ಸೌಮ್ಯ. ಆಗಾಗ ನೀರಿನ ಒಂದು ಭಾಗವನ್ನು ಬದಲಾಯಿಸುತ್ತಿದ್ದರೆ ಸಾಕು. ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಕೆಲವು ವಾರಗಳೇ ಹಿಡಿಯುವುದರಿಂದ, ಹೊಸ ತೊಟ್ಟಿಯನ್ನು ಇಂದು ತಂದು ಇಂದೇ ಮೀನು ಬಿಡುವುದು ಸರಿಯಲ್ಲ. ‘ಶುಚಿಯಾಗಿಡುತ್ತೇವೆ’ ಎಂದು ವಾರಕ್ಕೊಮ್ಮೆ ಎಲ್ಲವನ್ನೂ ಸಾಬೂನಿನಿಂದ ಉಜ್ಜಿ ತೊಳೆಯುವವರು ಈ ಉಪಕಾರಿಗಳನ್ನೇ ಕೊಲ್ಲುತ್ತಾರೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೆ ಸೋಡಿಯಂ ಥಯೊಸಲ್ಫೇಟಿನಂತಹ ಲವಣವನ್ನು ಹಿತಮಿತವಾಗಿ ಬೆರಸಿ ಬಳಸಬೇಕು.

ಉಷ್ಣತೆಯ ಮಾತು ಹೀಗೆಯೇ. ಮೀನು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ನೀರೆಷ್ಟೋ ಮೈಯೂ ಅಷ್ಟೇ. ಬೆಟ್ಟಾ ಮೀನಿಗೆ 24ರಿಂದ 28 ಡಿಗ್ರಿಗಳ ನೀರು ಒಗ್ಗುವುದು. ನಮ್ಮ ಕರಾವಳಿಯಲ್ಲಿ ವರ್ಷದ ಬಹುಕಾಲ ಇದು ತಾನಾಗಿಯೇ ಒದಗುತ್ತದೆ. ಬೆಂಗಳೂರು, ಹಾಸನ, ಮಡಿಕೇರಿಗಳಂತಹ ಎತ್ತರದ ಊರುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹಾಗಲ್ಲ. ಹೊರಗಿನ ಗಾಳಿ 15-16 ಡಿಗ್ರಿಗೆ ಇಳಿದಾಗ ಕಿಟಕಿಯ ಬಳಿಯ ಸೀಸೆಯ ನೀರೂ ಬೆನ್ನಟ್ಟಿ ಇಳಿಯುತ್ತದೆ. ಸಣ್ಣ ಪಾತ್ರೆಗೆ ಗಾತ್ರಕ್ಕಿಂತ ಮೇಲ್ಮೈ ಹೆಚ್ಚಾದುದರಿಂದ ಅದು ಬೇಗ ತಣಿಯುವುದು, ಬೇಗ ಕಾಯುವುದು; ಲೋಟದ ಕಾಫಿ ಆರಿದಷ್ಟು ಬೇಗ ಹಂಡೆಯ ನೀರು ಆರುವುದಿಲ್ಲವಷ್ಟೆ. ತಣ್ಣಗಾದ ಮೀನಿನ ದೇಹವ್ಯಾಪಾರಗಳೆಲ್ಲ ಮಂದವಾಗಿ ಅದು ತಳದಲ್ಲಿ ಬಿದ್ದಿರುತ್ತದೆ. ಅದನ್ನು ಕಂಡ ಮನೆಯವರು, ಪಾಪ, ‘ಎಷ್ಟು ಸಾಧುವಾದ ಮೀನು!’ ಎನ್ನುತ್ತಾರೆ.

ಕನ್ನಡಿಯ ಮುಂದೆ

ಇನ್ನು ಈ ಮೀನಿಗೆ ಹೆಸರು ತಂದುಕೊಟ್ಟ ಕಾಳಗದ ವಿಷಯ. ಗಂಡು ಬೆಟ್ಟಾದ ಮುಂದೆ ಮತ್ತೊಂದು ಗಂಡನ್ನೋ ಒಂದು ಕನ್ನಡಿಯನ್ನೋ ಹಿಡಿದರೆ ಅದರ ರೂಪವೇ ಬದಲಾಗುವುದು. ಮಡಿಸಿಕೊಂಡಿದ್ದ ರೆಕ್ಕೆಗಳೆಲ್ಲ ಬೀಸಣಿಗೆಯಂತೆ ಬಿಚ್ಚುತ್ತವೆ, ಮೈಬಣ್ಣ ಗಾಢವಾಗುತ್ತದೆ, ಕಿವಿರಿನ ಮುಚ್ಚಳಗಳು ಎರಡು ಕಡೆಗೂ ನೆಟ್ಟಗೆ ನಿಲ್ಲುತ್ತವೆ, ಅವುಗಳ ಕೆಳಗಿನ ಪೊರೆ ಕಪ್ಪು ಗಡ್ಡದಂತೆ ಹೊರಕ್ಕೆ ಉಬ್ಬುತ್ತದೆ. ಎದುರಿನಿಂದ ನೋಡಿದವನಿಗೆ ತಲೆ ಇದ್ದುದಕ್ಕಿಂತ ದೊಡ್ಡದಾಗಿ ತೋರುವುದು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಬಹುಮಾನ ಪಡೆದವರಲ್ಲಿ ಒಬ್ಬನಾದ ಕಾನ್ರಾಡ್ ಲೊರೆಂಟ್ಸ್ ತನ್ನ ಜನಪ್ರಿಯ ಗ್ರಂಥವೊಂದರಲ್ಲಿ ಈ ಮೀನುಗಳ ವೈಭವವನ್ನು ಮನಸೋತು ವರ್ಣಿಸಿದ್ದಾನೆ.

ಇದು ಬರಿಯ ಕೋಪವೆಂದು ತಿಳಿಯಬಾರದು. ಇದೊಂದು ಅಳತೆ. ಕಚ್ಚಾಟಕ್ಕೆ ಮೊದಲು ಎರಡು ಮೀನುಗಳು ಸರದಿಯಂತೆ ಎದುರುಬದುರಾಗಿ ಕಿವಿರು ಎತ್ತುವುದು, ಪಕ್ಕ ತಿರುಗಿ ಬಾಲ ಬಡಿಯುವುದು, ಮತ್ತೆ ಎದುರಾಗುವುದು, ಹೀಗೆ ಬಹಳ ಹೊತ್ತು ನಡೆಯುತ್ತದೆ. ಎಂ. ಜೆ. ಎ. ಸಿಂಪ್‌ಸನ್ ಎಂಬ ವಿಜ್ಞಾನಿ 1968ರಲ್ಲಿ ಪ್ರಕಟಿಸಿದ ವಿವರವಾದ ಅಧ್ಯಯನದಲ್ಲಿ ತೋರಿಸಿಕೊಟ್ಟಂತೆ, ಕೊನೆಗೆ ಗೆಲ್ಲುವ ಮೀನು ಎದುರಾಳಿಗಿಂತ ಹೆಚ್ಚು ಹೊತ್ತು ಕಿವಿರು ಮುಚ್ಚಳಗಳನ್ನು ಎತ್ತಿ ಹಿಡಿಯಬಲ್ಲುದು. ಅದರಲ್ಲೇನು ಕಷ್ಟ ಎಂದು ಕೇಳಬಹುದು. ಮುಚ್ಚಳ ತೆರೆದು ನಿಂತಿರುವಾಗ ಕಿವಿರುಗಳ ಮೇಲೆ ನೀರನ್ನು ಹಾಯಿಸಲು ಆಗುವುದಿಲ್ಲ. ಎಂದರೆ ಮೀನು ಉಸಿರು ಬಿಗಿಹಿಡಿದುಕೊಂಡೇ ಈ ಆಡಂಬರವನ್ನು ನಡೆಸಬೇಕು. ಆಮ್ಲಜನಕ ಕಡಮೆಯಾದ ನೀರಿನಲ್ಲಿ ಅವು ಕಿವಿರು ಎತ್ತುವುದೂ ಕಡಮೆಯೆಂದು ಪ್ರಯೋಗಗಳಿಂದ ಕಂಡುಬಂದಿದೆ. ಆದುದರಿಂದ ಈ ಪ್ರದರ್ಶನದಲ್ಲಿ ಸುಳ್ಳು ಹೇಳುವುದು ಸುಲಭವಲ್ಲ. ದಮ್ಮು ಇದ್ದವನೇ ಎತ್ತಿ ಹಿಡಿಯಬಲ್ಲ. ಸೋಲು ಖಚಿತವೆಂದು ಕಂಡ ಮೀನು ರೆಕ್ಕೆ ಮಡಿಸಿ, ಬಣ್ಣ ಕುಗ್ಗಿಸಿ, ಗಿಡಗಳ ಮರೆಗೆ ಓಡುತ್ತದೆ. ಗದ್ದೆಯಲ್ಲಿ ಜಗಳ ಅಲ್ಲಿಗೆ ತೀರಿತು. ಪಣದ ಸೀಸೆಯಲ್ಲಿ ಓಡಲು ಮರೆಯೆಲ್ಲಿದೆ? ಈ ಮೀನಿನ ಕ್ರೌರ್ಯವೆಂದು ನಾವು ಹೇಳುವುದರಲ್ಲಿ ಒಂದು ಪಾಲು ಪಣಕ್ಕಾಗಿ ಅತಿ ಜಗಳಗಂಟ ಮೀನುಗಳನ್ನೇ ಆರಿಸಿ ತಳಿ ಬೆಳೆಸಿದ ಮನುಷ್ಯನದು. ಮತ್ತೊಂದು ಪಾಲು ಗಾಜಿನದು.

ಮೀನಿಗೆ ಬುದ್ಧಿ ಅಷ್ಟಕ್ಕಷ್ಟೇ ಎಂಬ ನಂಬಿಕೆಗೆ ಈ ಪ್ರಭೇದವೇ ಒಂದು ಪೆಟ್ಟು ಕೊಟ್ಟಿದೆ. 1998ರಲ್ಲಿ ಒಲಿವೇರ, ಮೆಕ್‌ಗ್ರೆಗರ್ ಮತ್ತು ಲಾಟ್ರೂಫ್ ಎಂಬ ವಿಜ್ಞಾನಿಗಳು ಎರಡು ಗಂಡುಗಳ ಜಗಳವನ್ನು ಮೂರನೆಯ ಗಂಡು ಪಕ್ಕದಿಂದ ನೋಡುವಂತೆ ಏರ್ಪಡಿಸಿದರು. ಬಳಿಕ ಆ ಪ್ರೇಕ್ಷಕನನ್ನು ಗೆದ್ದವನ ಎದುರಿಗೂ ಸೋತವನ ಎದುರಿಗೂ ತಂದುದಾಯಿತು. ಸೋತವನ ಬಳಿಗೆ ಅದು ಬೇಗನೆ ನುಗ್ಗಿತು. ಗೆದ್ದವನ ಹತ್ತಿರ ಹೋಗಲು ಹಿಂದುಮುಂದು ನೋಡಿತು. ತಾನು ನೋಡದೆ ಇದ್ದ ಜಗಳದ ಗೆಲವು ಸೋಲುಗಳ ವಿಷಯದಲ್ಲಿ ಈ ಭೇದ ತೋರಲಿಲ್ಲ. ಊರ ಕುಸ್ತಿಯನ್ನು ಕಟ್ಟೆಯ ಮೇಲೆ ಕುಳಿತು ನೋಡಿದವನು ಯಾರ ತಂಟೆಗೆ ಹೋಗಬಾರದೆಂದು ತಿಳಿದುಕೊಂಡು ಮನೆಗೆ ಹೋಗುವಂತೆ ಈ ಮೀನೂ ಪಕ್ಕದವರ ಜಗಳದಿಂದ ಪಾಠ ಕಲಿಯಿತು. ಅಂಗಡಿಯಲ್ಲಿ ಸೀಸೆಗೆ ಸೀಸೆ ತಾಗುವಂತೆ ಜೋಡಿಸಿಟ್ಟ ಮೀನುಗಳು ಒಂದನ್ನೊಂದು ಇಡೀ ದಿನ ನೋಡುತ್ತಲೇ ಇರುವುವು ಎಂಬುದನ್ನು ಇಲ್ಲಿ ನೆನೆಯಬೇಕು. ಮೊದಲ ಕೆಲವು ಹೊತ್ತು ಅವು ಕಿವಿರು ಎತ್ತುತ್ತವೆ. ಎದುರಾಳಿ ಸೋಲುವುದೂ ಇಲ್ಲ, ಓಡುವುದೂ ಇಲ್ಲ; ಕೊನೆಗೆ ಸುಮ್ಮನಾಗುತ್ತವೆ. ಆ ಮೌನವನ್ನು ಶಾಂತಿಯೆಂದು ಕರೆಯಲು ನಮಗೆ ಧೈರ್ಯ ಸಾಲದು.

ಕನ್ನಡಿಯನ್ನು ನೋಡುವುದು ಅದಕ್ಕೆ ಇಷ್ಟವೆ, ಕಷ್ಟವೆ? 1963ರಲ್ಲಿ ಟ್ರಾವಿಸ್ ಥಾಮ್ಸನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಕುತೂಹಲಕರವಾದ ಪ್ರಯೋಗವನ್ನು ಪ್ರಕಟಿಸಿದನು. ಮೀನು ಗೊತ್ತಾದ ಒಂದು ಚಲನೆಯನ್ನು ಮಾಡಿದರೆ ಸ್ವಲ್ಪ ಹೊತ್ತು ತನ್ನ ಪ್ರತಿಬಿಂಬ ಕಾಣುವಂತೆ ಏರ್ಪಾಡು. ಬಹುಮಾನವಾಗಿ ಆಹಾರವೇನೂ ಇಲ್ಲ. ಕಾಣುವುದು ‘ಶತ್ರು’ ಮಾತ್ರ. ಆದರೂ ಮೀನುಗಳು ಆ ಚಲನೆಯನ್ನು ಕಲಿತು ಮತ್ತೆ ಮತ್ತೆ ಮಾಡಿದವು! ಹಾಗಾದರೆ ಜಗಳವೆಂದರೆ ಅದಕ್ಕೆ ಆನಂದವೆನ್ನೋಣವೆ? ಅವಸರ ಬೇಡ. ಗದ್ದೆಯಲ್ಲಿ ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿದ್ದಾನೆಯೇ ಎಂದು ಹೋಗಿ ನೋಡುವುದು ಆ ಮೀನಿನ ಸಹಜ ಪ್ರವೃತ್ತಿ. ನೋಡಲು ತವಕಿಸುವುದಕ್ಕೂ ನೋಡಿ ಸುಖಪಡುವುದಕ್ಕೂ ಅಂತರವಿದೆ. ಹಲ್ಲು ನೋವಿದ್ದವನು ನಾಲಗೆಯನ್ನು ಮತ್ತೆ ಮತ್ತೆ ಅಲ್ಲಿಗೇ ಒಯ್ಯುವುದಿಲ್ಲವೆ? ಪ್ರಯೋಗ ಹೇಳುವುದು ಇಷ್ಟನ್ನೇ: ಪ್ರತಿಬಿಂಬ ಆ ಮೀನಿಗೆ ಅತಿ ಮುಖ್ಯವಾದ ವಸ್ತು. ಅತಿಥಿಗಳ ಮುಂದೆ ತಮಾಷೆಗಾಗಿ ಕನ್ನಡಿ ಹಿಡಿಯುವವರು, ಎರಡು ಮೂರು ನಿಮಿಷಗಳಲ್ಲಿ ಅದನ್ನು ತೆಗೆದಿಟ್ಟರೆ ಮೀನಿಗೆ ಅಷ್ಟು ವ್ಯಾಯಾಮವಾಗಿ ಉಳಿಯಬಹುದು. ದಿನವಿಡೀ ಕನ್ನಡಿಯೆದುರು ನಿಲ್ಲಿಸುವುದು ಹಿಂಸೆ. ರಾತ್ರಿ ದೀಪ ಹಚ್ಚಿದಾಗ ತೊಟ್ಟಿಯ ಗಾಜೇ ಕನ್ನಡಿಯಾಗುವುದುಂಟು, ಅದನ್ನೂ ಗಮನಿಸಬೇಕು.

ಗುಳ್ಳೆಗಳ ಗೂಡು

ಮೀನು ಸಾಕುವವರಲ್ಲಿ ಪ್ರಚಲಿತವಾದ ಮತ್ತೊಂದು ನಂಬಿಕೆಯೆಂದರೆ, ಗಂಡು ಬೆಟ್ಟಾ ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿದರೆ ಅದು ಸುಖವಾಗಿದೆಯೆಂದು ಅರ್ಥ ಎಂಬುದು. ಗೂಡೇನೋ ನಿಜವಾಗಿಯೂ ಸೋಜಿಗದ ವಸ್ತು. ಗಂಡು ಗಾಳಿಯನ್ನು ನುಂಗಿ, ಬಾಯಿಯ ಅಂಟಿನಿಂದ ಹೊದಿಸಿ ಒಂದೊಂದೇ ಗುಳ್ಳೆಯನ್ನು ಎಲೆಯ ಅಡಿಯಲ್ಲಿ ಬಿಟ್ಟು ನೊರೆಯ ತೆಪ್ಪವೊಂದನ್ನು ಕಟ್ಟುತ್ತದೆ. ಹೆಣ್ಣು ಮೊಟ್ಟೆಯಿಟ್ಟಾಗ ಅವು ಮುಳುಗತೊಡಗುವುವು. ಗಂಡು ಅವನ್ನು ಬಾಯಲ್ಲಿ ಆಯ್ದು ತಂದು ಗೂಡಿಗೆ ಸೇರಿಸುವುದು. ಆಮೇಲೆ ಹೆಣ್ಣನ್ನು ಓಡಿಸಿ ತಾನೊಂದೇ ಕಾವಲು. ಒಂದೆರಡು ದಿನಗಳಲ್ಲಿ ಮರಿಯೊಡೆದು, ಕೆಳಕ್ಕೆ ಜಾರುವ ಮರಿಗಳನ್ನೂ ಹೀಗೆಯೇ ಎತ್ತಿ ತಂದು ಸೇರಿಸುವುದು. ಆಮ್ಲಜನಕ ಕಡಮೆಯಾದ ನೀರಿನಲ್ಲಿ ಮೊಟ್ಟೆಗಳನ್ನು ಗಾಳಿಯ ನೆರೆಗೇ ತಂದಿಡುವ ಈ ಉಪಾಯ, ನಾವು ಮೊದಲು ಕಂಡ ಚಕ್ರವ್ಯೂಹದ ಅಂಗಕ್ಕೆ ತಕ್ಕ ಜೊತೆ. ಮರಿಗಳಲ್ಲಿ ಆ ಅಂಗ ಇನ್ನೂ ಬೆಳೆದಿರುವುದಿಲ್ಲ. ಅದು ರೂಪುಗೊಳ್ಳಲು ಕೆಲವು ವಾರಗಳು ಬೇಕು.

ಆದರೆ ಗೂಡನ್ನು ಕಟ್ಟಿಸುವುದು ಪ್ರಾಯ, ಚೋದಕ ರಸಗಳು, ನೀರಿನ ಬಿಸುಪು. ಇಕ್ಕಟ್ಟಾದ ಸೀಸೆಯಲ್ಲಿಯೂ, ಹೆಣ್ಣಿನ ಸುಳಿವೇ ಇಲ್ಲದಿದ್ದರೂ ಗಂಡು ಗೂಡು ಕಟ್ಟುವುದುಂಟು. ಆದುದರಿಂದ ಗೂಡಿನಿಂದ ನಾವು ತಿಳಿಯಬಹುದಾದುದು ಮೀನು ಪ್ರಾಯಕ್ಕೆ ಬಂದಿದೆ, ತೀರ ಕಾಯಿಲೆಯಾಗಿಲ್ಲ ಎಂಬುದಷ್ಟೆ. ಗೂಡು ಕಟ್ಟಲಿಲ್ಲವೆಂದು ವ್ಯಥೆಪಡುವುದಕ್ಕೂ ಕಾರಣವಿಲ್ಲ. ನೀರಿನ ಹರಿವು ಜೋರಾಗಿದ್ದರೆ ಕಟ್ಟಿದ ಗೂಡು ಚದರಿಹೋಗಿರಬಹುದು.

ಹೀಗೆ ಒಂದೊಂದೇ ಲಕ್ಷಣವನ್ನು ಹಿಡಿದು ನಿರ್ಣಯಿಸಲು ಹೊರಟರೆ ದಾರಿ ತಪ್ಪುವುದು. ವಿದ್ಯಾರ್ಥಿಗಳು ತಾವೇ ಒಂದು ಸಣ್ಣ ಅಭ್ಯಾಸವನ್ನು ಮಾಡಿ ನೋಡಬಹುದು. ಇದಕ್ಕೆ ಗಡಿಯಾರವೂ ಒಂದು ನೋಟ್‌ಬುಕ್ಕೂ ಸಾಕು. ದಿನವೂ ಒಂದೇ ಹೊತ್ತಿನಲ್ಲಿ, ಊಟ ಹಾಕುವುದಕ್ಕೆ ಮೊದಲು, ಹತ್ತು ನಿಮಿಷ ದೂರ ಕುಳಿತು, ಮೀನು ಎಷ್ಟು ಬಾರಿ ಮೇಲೆ ಬಂದು ಗಾಳಿ ನುಂಗಿತೆಂಬುದನ್ನು ಎಣಿಸಿ ಬರೆಯಿರಿ. ನೀರಿನ ಉಷ್ಣತೆಯನ್ನೂ ಬರೆಯಿರಿ. ಎರಡು ವಾರಗಳಲ್ಲಿ ನಿಮ್ಮ ಮೀನಿನ ವಾಡಿಕೆಯ ಸಂಖ್ಯೆ ಯಾವುದೆಂಬುದು ಗೊತ್ತಾಗುವುದು. ಒಂದು ದಿನ ಆ ಸಂಖ್ಯೆ ಇಮ್ಮಡಿಯಾಯಿತೆನ್ನಿ. ನೀರು ಬೆಚ್ಚಗಾಗಿ ಆಮ್ಲಜನಕದ ಅಗತ್ಯ ಏರಿರಬಹುದು. ಪಕ್ಕದಲ್ಲಿ ಎದುರಾಳಿಯನ್ನು ಕಂಡು ಕೆರಳಿರಬಹುದು. ಅಮೋನಿಯದಿಂದ ಕಿವಿರು ಕೆಟ್ಟಿರಬಹುದು. ಕಿವಿರಿಗೆ ಪರೋಪಜೀವಿಗಳು ಹತ್ತಿರಬಹುದು. ಮೊದಲನೆಯದನ್ನು ಉಷ್ಣತಾಮಾಪಕ ಹೇಳುತ್ತದೆ, ಎರಡನೆಯದನ್ನು ಕಣ್ಣು ಹೇಳುತ್ತದೆ, ಮೂರನೆಯದಕ್ಕೆ ಅಂಗಡಿಯಲ್ಲಿ ಸಿಕ್ಕುವ ಅಮೋನಿಯ ಪರೀಕ್ಷೆಯ ದ್ರವ ಉಂಟು. ಇವೆಲ್ಲ ಸರಿಯಿದ್ದರೆ ಆಗ ರೋಗದ ಯೋಚನೆ. ವೈದ್ಯರು ರೋಗಿಯ ಜ್ವರದ ಕಾರಣವನ್ನು ಒಂದೊಂದಾಗಿ ಕಳೆದು ಹುಡುಕುವುದು ಇದೇ ಕ್ರಮದಿಂದ.

ರೆಕ್ಕೆಗಳನ್ನು ಸದಾ ಮುದುರಿಕೊಂಡಿರುವುದು, ಬಣ್ಣ ಮಂಕಾಗುವುದು, ಗಾಜಿನ ಒಂದೇ ಪಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ಗಂಟೆಗಟ್ಟಲೆ ಈಜುವುದು, ಕಲ್ಲಿಗೆ ಮೈ ತಿಕ್ಕುವುದು, ಊಟ ಬಿಡುವುದು ಇವು ಒಟ್ಟಾಗಿ ಕಂಡಾಗ ಎಚ್ಚರಗೊಳ್ಳಬೇಕು. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳು ಎದ್ದರೆ ಅದು ಇಕ್ತಿಯೊಫ್ತೀರಿಯಸ್ ಎಂಬ ಏಕಕೋಶ ಜೀವಿಯ ಕೆಲಸ. ಹೆಣ್ಣು ಮೀನಿನ ಮೈಮೇಲೆ ಅಡ್ಡಗೆರೆಗಳಲ್ಲದೆ ತಲೆಯಿಂದ ಬಾಲದವರೆಗೆ ಉದ್ದಗೆರೆಗಳು ಮೂಡಿದರೆ ಸಾಮಾನ್ಯವಾಗಿ ಅಂಜಿಕೆಯ ಗುರುತು. ನಿಲುವಾದ ಪಟ್ಟೆಗಳು ಮೂಡಿದರೆ ಜೊತೆಗೂಡಲು ಸಿದ್ಧವೆಂಬ ಗುರುತು. ರಾತ್ರಿಯಲ್ಲಿ ಬಣ್ಣ ಕಳೆಗುಂದಿ ಎಲೆಯ ಮೇಲೆ ಒರಗಿರುವುದು ಮಾತ್ರ ನಿದ್ರೆ. ಅದಕ್ಕೆ ಗಾಬರಿಪಟ್ಟು ಗಾಜನ್ನು ತಟ್ಟಬೇಕಾಗಿಲ್ಲ.

ತೊಟ್ಟಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಒಂದು ಮೀನಿಗೆ ಹದಿನೈದು ಇಪ್ಪತ್ತು ಲೀಟರು ನೀರು ಹಿಡಿಯುವ, ಎತ್ತರಕ್ಕಿಂತ ಅಗಲ ಹೆಚ್ಚಾದ ಗಾಜಿನ ತೊಟ್ಟಿ ಒಳ್ಳೆಯದು. ಉಸಿರಿಗಾಗಿ ಮೇಲೇರಬೇಕಾದ ಮೀನಿಗೆ, ಅದರಲ್ಲಿಯೂ ಸೀರೆಯ ಸೆರಗಿನಂತಹ ಬಾಲವನ್ನು ಎಳೆದುಕೊಂಡು ಈಜಬೇಕಾದ ಗಂಡಿಗೆ, ಆಳವಾದ ನೀರು ಆಯಾಸಕರ. ಮೇಲೆ ಮುಚ್ಚಳವಿರಲಿ, ಏಕೆಂದರೆ ಇದು ನೆಗೆಯುವ ಮೀನು. ಆದರೆ ಮುಚ್ಚಳಕ್ಕೂ ನೀರಿಗೂ ನಡುವೆ ಗಾಳಿ ಇರಬೇಕು. ಗಿಡಗಳು ಒತ್ತಾಗಿರಲಿ. ನಮ್ಮ ಬೀದಿಬದಿಗಳಲ್ಲಿ ಕಾಣುವ ಬಾದಾಮಿ ಮರದ (ನಾವು ತಿನ್ನುವ ಬಾದಾಮಿಯದಲ್ಲ) ಒಣಗಿ ಉದುರಿದ ಎಲೆಯನ್ನು ತೊಳೆದು ಹಾಕುವ ಪದ್ಧತಿ ಥಾಯ್ಲೆಂಡಿನಿಂದ ಬಂದುದು. ಅದರ ಟ್ಯಾನಿನುಗಳಿಂದ ನೀರು ಚಹದ ಬಣ್ಣ ತಾಳಿ ತವರಿನ ಜವುಗಿನ ನೀರನ್ನು ಹೋಲುವುದು. ಆಹಾರಕ್ಕೆ ಸೊಳ್ಳೆಯ ಮರಿಗಳು, ಸಣ್ಣ ನೀರ್ಚಿಗಟಗಳು ಅಥವಾ ಮಾಂಸಾಹಾರಿ ಮೀನುಗಳಿಗೆಂದು ಮಾಡಿದ ಗುಳಿಗೆ, ಅಂತೂ ಸ್ವಲ್ಪವೇ. ಕರುಣೆಯಿಂದ ಹಾಕಿದ ಹೆಚ್ಚಿನ ಊಟವೇ ಕೊಳೆತು ಅಮೋನಿಯವಾಗುತ್ತದೆ. ಎರಡು ಗಂಡುಗಳನ್ನು ಎಂದಿಗೂ ಕೂಡಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಸೀಸೆಯಿಂದ ಇಂತಹ ತೊಟ್ಟಿಗೆ ಬಂದ ಮೀನನ್ನು ಗಮನಿಸುವುದು ಒಂದು ಅಪೂರ್ವ ಪಾಠ. ಮೊದಲನೆಯ ದಿನ ಅದು ಮೂಲೆಯ ಗಿಡದ ಹಿಂದೆ ಅಡಗಿಕೊಂಡು, ಮುಂಚಿನಷ್ಟೂ ಉತ್ಸಾಹ ತೋರದಿರಬಹುದು. ಕೊಂಡವನಿಗೆ ಮೋಸವಾಯಿತೇ ಎನಿಸಬಹುದು. ಎರಡು ಮೂರು ದಿನಗಳ ಮೇಲೆ ಒಂದೊಂದೇ ಎಲೆಯ ಸಂದನ್ನು ಮೂಸುತ್ತ ಸುತ್ತಲಾರಂಭಿಸುವುದು. ಅಲ್ಲಲ್ಲಿ ನಿಂತು ಮರಳನ್ನು ನೋಡುವುದು, ತೇಲುವ ಬೇರಿನ ನಡುವೆ ನುಸುಳುವುದು, ಯಾರೋ ಹತ್ತಿರ ಬಂದರೆ ಮುಂದೆ ಬಂದು ನೋಡುವುದು. ಮೇಲ್ಮೈಯ ಹತ್ತಿರ ಅಗಲವಾದ ಎಲೆಯೊಂದಿದ್ದರೆ, ಕೆಲವು ದಿನಗಳಲ್ಲಿ ಅದನ್ನು ತನ್ನದೆಂದು ಆರಿಸಿಕೊಂಡು, ರಾತ್ರಿ ದೀಪವಾರಿದ ಮೇಲೆ ಅದರ ಮೇಲೆಯೇ ಮಲಗುವುದು. ಅಲ್ಲಿಂದ ಒಂದು ಗುಟುಕು ಗಾಳಿಗೆ ಹೆಚ್ಚು ದೂರ ಏಳಬೇಕಾಗಿಲ್ಲ.